ಪಥ್ಯ ಮಾಡಿದರೂ ಕೊಲೆಸ್ಟ್ರಾಲ್ ಇಳಿಯುತ್ತಿಲ್ಲ, ಇದು ವಂಶಪಾರಂಪರ್ಯವೇ?

ನೀವು ತೆಳ್ಳಗಿದ್ದೀರಿ, ಪಥ್ಯವನ್ನೂ ಮಾಡುತ್ತಿದ್ದೀರಿ, ಆದರೂ ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) 190ರ ಮೇಲಿದೆ. ತಂದೆಗೆ 45ಕ್ಕೇ ಹೃದಯಾಘಾತವಾಗಿತ್ತು ಎಂದಿದ್ದೀರಿ. ಇವೆರಡೂ ಸೇರಿದರೆ ನಾನಂತೂ ಊಟಕ್ಕಿಂತ ಮೊದಲು ವಂಶವಾಹಿಯನ್ನೇ ಅನುಮಾನಿಸುತ್ತೇನೆ. (ಥೈರಾಯ್ಡ್ ಕೊರತೆಯಿಂದಲೂ ಹೀಗಾಗಬಹುದು, ಅದನ್ನೊಮ್ಮೆ ಪರೀಕ್ಷಿಸಿಕೊಳ್ಳಿ.)

ರಕ್ತದಲ್ಲಿನ ಎಲ್‌ಡಿಎಲ್ ಕಣಗಳನ್ನು ಹಿಡಿದು ಒಳಗೆಳೆದುಕೊಳ್ಳುವ ಗ್ರಾಹಕಗಳು ಯಕೃತ್ತಿನ ಜೀವಕೋಶಗಳ ಮೇಲಿರುತ್ತವೆ. ಈ ಗ್ರಾಹಕಗಳನ್ನು ರೂಪಿಸುವ ಜೀನ್‌ನಲ್ಲಿ (ವಂಶವಾಹಿಯಲ್ಲಿ) ದೋಷವಿದ್ದರೆ ಗ್ರಾಹಕಗಳು ಸಾಲದೆ ಎಲ್‌ಡಿಎಲ್ ರಕ್ತದಲ್ಲೇ ಉಳಿದುಬಿಡುತ್ತದೆ. ಸುಮಾರು 250 ಜನರಲ್ಲಿ ಒಬ್ಬರಿಗೆ ಈ ತೊಂದರೆಯಿದೆ, ಬಹುತೇಕರಿಗೆ ಅದು ಗೊತ್ತೇ ಇರುವುದಿಲ್ಲ.

ಹೃದಯಕ್ಕೆ ನಿಜವಾದ ಪೆಟ್ಟು ಬೀಳುವುದು ಅವಧಿಯಿಂದ. ಉಳಿದವರಿಗೆ ನಡುವಯಸ್ಸಿನಲ್ಲಿ ಏರುವ ಎಲ್‌ಡಿಎಲ್ ಇವರಿಗೆ ಹುಟ್ಟಿನಿಂದಲೇ ಹೆಚ್ಚು. ಹಾಗಾಗಿ ಮೂವತ್ತರ ಹೊತ್ತಿಗೇ ಹೃದಯದ ರಕ್ತನಾಳಗಳ ಗೋಡೆಯಲ್ಲಿ ಕೊಬ್ಬು ಕಟ್ಟಿರಬಹುದು. ಚಿಕಿತ್ಸೆ ಪಡೆಯದ ಗಂಡಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ 50ರೊಳಗೆ ಹೃದ್ರೋಗ ಕಾಣಿಸಿಕೊಳ್ಳುತ್ತದೆ. ಕೆಲವರ ಹಿಮ್ಮಡಿಯ ಮೇಲಿನ ಸ್ನಾಯುರಜ್ಜು (ಸ್ನಾಯುವನ್ನು ಮೂಳೆಗೆ ಜೋಡಿಸುವ ಗಟ್ಟಿ ಹುರಿ) ಗಂಟುಗಂಟಾಗಿ ದಪ್ಪವಾಗಿರುತ್ತದೆ, ಕೈಯಿಟ್ಟು ನೋಡಿದರೆ ಗೊತ್ತಾಗುತ್ತದೆ.

ಪಥ್ಯ ಬಿಡಬೇಡಿ, ಆದರೆ ಅದೊಂದೇ ಸಾಲದು. ಸಾಮಾನ್ಯವಾಗಿ ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ದೀರ್ಘಕಾಲ ಬೇಕಾಗುತ್ತದೆ; ಅದೂ ಸಾಲದಿದ್ದರೆ ಎಜೆಟಿಮೈಬ್ ಮಾತ್ರೆಯಿದೆ, ಆ ಗ್ರಾಹಕಗಳನ್ನು ಕಡಿಮೆ ಮಾಡುವ ಪಿಸಿಎಸ್‌ಕೆ9 ಎಂಬ ಪ್ರೋಟೀನನ್ನು ತಡೆಯುವ ಚುಚ್ಚುಮದ್ದುಗಳೂ ಇವೆ. ನಿಮಗೆ ಈ ದೋಷವಿದ್ದರೆ ನಿಮ್ಮ ಪ್ರತಿ ಮಗುವಿಗೂ ಇದು ಬರುವ ಸಾಧ್ಯತೆ ಶೇ. 50. ಒಡಹುಟ್ಟಿದವರಿಗೂ ಮಕ್ಕಳಿಗೂ ಲಿಪಿಡ್ (ರಕ್ತದ ಕೊಬ್ಬಿನ) ಪರೀಕ್ಷೆ ಮಾಡಿಸಿ.