ಬಾಣ ಬಿಟ್ಟಾಗಲೆಲ್ಲ ಗೋಡೆಗೇ ಯಾಕೆ?

ಪ್ರಶ್ನೆ: ಟೀಮ್ ಫೋರ್ಟ್ರೆಸ್ 2 ಎಂಬ ವಿಡಿಯೋ ಗೇಮಿನಲ್ಲಿ ನಾನು ಸ್ನೈಪರ್, ಅಂದರೆ ದೂರದಿಂದ ಗುರಿಯಿಟ್ಟು ಹೊಡೆಯುವ ಪಾತ್ರ. ರೈಫಲ್ ಬಿಟ್ಟು ಹಂಟ್ಸ್‌ಮನ್ ಬಿಲ್ಲು ಹಿಡಿದು ಒಂದು ತಿಂಗಳಾಯಿತು. ಗುರಿ ಸರಿಯಾಗಿಯೇ ಇಡುತ್ತೇನೆ, ಆದರೂ ಬಾಣ ಎದುರಾಳಿಯ ಬೆನ್ನ ಹಿಂದೆ ಹಾದು ಗೋಡೆಗೆ ಚುಚ್ಚಿಕೊಳ್ಳುತ್ತದೆ. ತಗುಲಿದರೂ ಕೆಲವರು ಸಾಯುವುದಿಲ್ಲ. ಟೀಮಿನವರು ‘ಬಿಲ್ಲು ಬಿಡು’ ಅನ್ನುತ್ತಿದ್ದಾರೆ. ಬಿಡಬೇಕಾ?

ಉತ್ತರ: ಬಿಲ್ಲು ಬಿಡಬೇಡಿ, ರೈಫಲ್ಲಿನ ಅಭ್ಯಾಸ ಬಿಡಿ. ರೈಫಲ್ಲಿನ ಗುಂಡು ಬಟನ್ ಒತ್ತಿದ ಕ್ಷಣಕ್ಕೇ ತಗುಲುತ್ತದೆ. ಬಾಣ ಹಾಗಲ್ಲ, ಅದು ಹಾರಿ ಹೋಗಬೇಕು. ಹೋಗುತ್ತಾ ಸ್ವಲ್ಪ ಕೆಳಗೂ ಇಳಿಯುತ್ತದೆ. ಪೂರ್ತಿ ಎಳೆದು ಬಿಟ್ಟ ಬಾಣದ ವೇಗ ಸೆಕೆಂಡಿಗೆ 2600 ಯೂನಿಟ್ (ಆಟದೊಳಗಿನ ದೂರದ ಅಳತೆ). 1300 ಯೂನಿಟ್ ದೂರ ಅಂದರೆ ಅರ್ಧ ಸೆಕೆಂಡು. ಅಷ್ಟರಲ್ಲಿ ಸ್ಕೌಟ್ (ಆಟದ ಅತಿ ವೇಗದ ಪಾತ್ರ) 200 ಯೂನಿಟ್ ಓಡಿರುತ್ತಾನೆ, ಅವನ ಮೈಯಗಲಕ್ಕೆ ನಾಲ್ಕು ಪಟ್ಟು! ಅವನ ಮೇಲೇ ಗುರಿಯಿಟ್ಟರೆ ಗೋಡೆಗೆ ಹೋಗದೆ ಇನ್ನೆಲ್ಲಿಗೆ ಹೋಗುತ್ತದೆ, ಅಲ್ವಾ?

ಆಡುವಾಗ ಈ ಲೆಕ್ಕ ಹಾಕುತ್ತಾ ಕೂರೋಕಾಗಲ್ಲ. ಅದಕ್ಕೇ ಆಳನ್ನು ಹಿಂಬಾಲಿಸಬೇಡಿ, ಜಾಗವನ್ನು ಹಿಡಿಯಿರಿ. ಬಾಗಿಲು, ಮೂಲೆ, ಮೆಟ್ಟಿಲಿನ ತುದಿ: ಅವನು ಬಂದೇ ಬರಬೇಕಾದ ಕಡೆ, ತಲೆಯ ಎತ್ತರಕ್ಕೆ ಗುರಿಯಿಟ್ಟು ಕಾಯಿರಿ. ನೆಗೆದವನನ್ನೂ ಬಿಡಬೇಡಿ, ಗಾಳಿಯಲ್ಲಿ ದಿಕ್ಕು ಬದಲಿಸುವುದು ಅಷ್ಟು ಸುಲಭವಲ್ಲ. (ಸ್ಕೌಟ್ ಮಾತ್ರ ಗಾಳಿಯಲ್ಲೇ ಇನ್ನೊಂದು ಸಲ ನೆಗೆದು ನಿಮ್ಮ ತಲೆ ಕೆಡಿಸುತ್ತಾನೆ.)

ಕಾಯುವುದು ಅಂದರೆ ಬಿಲ್ಲನ್ನು ಎಳೆದೇ ನಿಲ್ಲುವುದಲ್ಲ. ಪೂರ್ತಿ ಎಳೆಯಲು 1 ಸೆಕೆಂಡು ಸಾಕು. 5 ಸೆಕೆಂಡು ದಾಟಿದರೆ ಕೈ ನಡುಗಿ ಬಾಣ ಎಲ್ಲೆಲ್ಲೋ ಹೋಗುತ್ತದೆ. ಕೆಳಗಿಳಿಸಿ, ಮತ್ತೆ ಎಳೆಯಿರಿ. ಹೆಜ್ಜೆಯ ಸದ್ದು, ಟೀಮಿನವರ ಮಾತು ಕಿವಿಗೆ ಬಿದ್ದಾಗ ಎಳೆದರೆ ಇನ್ನೂ ಒಳ್ಳೆಯದು.

ಇನ್ನು ತಗುಲಿದರೂ ಸಾಯದವರ ವಿಷಯ. ಪೂರ್ತಿ ಎಳೆದ ಬಾಣ ಮೈಗೆ ತಗುಲಿದರೆ 120 ಡ್ಯಾಮೇಜ್, ಅಂದರೆ ಎದುರಾಳಿಯ ಹೆಲ್ತ್‌ನಲ್ಲಿ (ಜೀವದ ಅಂಕದಲ್ಲಿ) ಅಷ್ಟು ಕಡಿಮೆಯಾಗುತ್ತದೆ. ಸ್ಕೌಟ್, ಸ್ಪೈ, ಇಂಜಿನಿಯರ್, ಎದುರಿನ ಸ್ನೈಪರ್, ಇವರೆಲ್ಲರ ಹೆಲ್ತ್ 125. ಬರೀ 5 ಉಳಿಸಿಕೊಂಡು ಓಡಿಹೋಗುತ್ತಾರೆ! ನನಗೂ ಇದು ಮೈ ಉರಿಸುವ ಸಂಗತಿಯೇ. ತಲೆಗೆ ಬಿದ್ದರೆ ಮಾತ್ರ 360, ಆಗ 300 ಹೆಲ್ತ್ ಇರುವ ಹೆವಿಯೂ ಒಂದೇ ಏಟಿಗೆ ಮಲಗುತ್ತಾನೆ. ಆದರೆ ಪ್ರತಿ ಸಲ ತಲೆಗೇ ಹೊಡೆಯಲು ಯಾರಿಗೂ ಆಗುವುದಿಲ್ಲ.

ಆ 5ಕ್ಕೆ ಮದ್ದು ನಿಮ್ಮ ಟೀಮಿನಲ್ಲೇ ಇದೆ. ಬೆಂಕಿ ಉಗುಳುವ ಆಯುಧ ಹಿಡಿದ ಪಾತ್ರ ಪೈರೋ ತನ್ನ ಬೆಂಕಿಯನ್ನು ನಿಮ್ಮ ಬಾಣಕ್ಕೆ ತಾಗಿಸಿದರೆ ಬಾಣ ಹೊತ್ತಿಕೊಳ್ಳುತ್ತದೆ. ಅದು ತಗುಲಿದವನಿಗೂ ಬೆಂಕಿ ಹತ್ತುತ್ತದೆ. ಉಳಿದ 5 ಹೆಲ್ತ್ ಅವನು ಗಾಯ ವಾಸಿಮಾಡುವ ಮೆಡಿಕ್ ಹತ್ತಿರ ಓಡುವಷ್ಟರಲ್ಲಿ ಉರಿದುಹೋಗುತ್ತದೆ. ‘ಬಿಲ್ಲು ಬಿಡು’ ಅನ್ನುತ್ತಿರುವವರಲ್ಲಿ ಪೈರೋ ಯಾರು ನೋಡಿ, ಮುಂದಿನ ಸುತ್ತಿನಲ್ಲಿ ಅವರ ಪಕ್ಕದಲ್ಲೇ ಹೋಗಿ ನಿಲ್ಲಿ.