ಎತ್ತರಿಸಿದ ಹಳಿಯ ತುದಿಯಲ್ಲಿ ಬಫರ್ (ಗಾಡಿಯನ್ನು ತಡೆಯುವ ಅಡ್ಡಗಟ್ಟೆ) ಇದ್ದರೂ ಒಂದು ಮೆಟ್ರೋ ರೈಲು ಅದನ್ನು ದಾಟಿ, ತಿಮಿಂಗಿಲದ ಬಾಲದ ಆಕಾರದ ಶಿಲ್ಪದ ಮೇಲೆ ಹೋಗಿ ನಿಂತಿದ್ದು ಹೇಗೆ?

ಅದು ನಡೆದದ್ದು 2020ರ ನವೆಂಬರ್ 2ರಂದು, ನೆದರ್ಲೆಂಡ್ಸ್‌ನ ರಾಟರ್‌ಡ್ಯಾಮ್ ಹತ್ತಿರದ ಸ್ಪೈಕೆನಿಸ್ಸೆಯಲ್ಲಿ. ಬಫರ್ ಇರುವುದು ತೆವಳುತ್ತಾ ಬರುವ ಗಾಡಿಗಷ್ಟೇ. ವೇಗ ಗಂಟೆಗೆ 10 ಕಿ.ಮೀ.ನಿಂದ 30ಕ್ಕೇರಿದರೆ ಅದು ಹೀರಬೇಕಾದ ಶಕ್ತಿ 3 ಪಟ್ಟಲ್ಲ, 9 ಪಟ್ಟು. ಕಿತ್ತು ಬರದೆ ಇನ್ನೇನು?

ರೈಲುಪ್ರಿಯರೆಲ್ಲ ಬಾಲವನ್ನೇ ಹೊಗಳಿದರು. ಆದರೆ ಪೂರ್ತಿ ಭಾರ ಅದರ ಮೇಲಿರಲಿಲ್ಲ. ಹಿಂದಿನ ಭಾಗ ಎತ್ತರಿಸಿದ ಹಳಿಯ ಮೇಲೇ ಇತ್ತು, ಬೋಗಿಗಳ ನಡುವಿನ ಜೋಡಣೆಯೂ ಬಿಡಲಿಲ್ಲ. ಮುಂದಿನ ಬೋಗಿಯ ಮೂತಿಗೆ ಮಾತ್ರ ಶಿಲ್ಪದ ಆಸರೆ. ಒಳಗಿದ್ದದ್ದು ಚಾಲಕ ಒಬ್ಬರೇ, ಗಾಯವಾಗಲಿಲ್ಲ. ಪ್ರಯಾಣಿಕರು ತುಂಬಿದ್ದರೆ ಲೆಕ್ಕವೇ ಬೇರೆ.

ಮೈಸೂರಿನಿಂದ ಹೋಗುವ ಹಳಿ ಚಾಮರಾಜನಗರದಲ್ಲಿ ಮುಗಿಯುತ್ತದಲ್ಲ, ಅಲ್ಲೂ ಹೀಗಾಗಬಹುದೇ ಎಂದರೆ, ಇಲ್ಲ. ಅಲ್ಲಿ ಹಳಿ ನೆಲದ ಮೇಲಿದೆ. ಬಫರ್ ದಾಟಿದರೂ ಚಕ್ರ ಮಣ್ಣಲ್ಲಿ ಹೂತು ಗಾಡಿ ನಿಲ್ಲುತ್ತದೆ.