ಏಳು ವರ್ಷ ದಂಡ ಆಯ್ತಾ?

ನನ್ನ ಹತ್ತಿರ ಸಲಹೆ ಕೇಳಲು ಬಂದ ಕಲಾವಿದರೊಬ್ಬರ ಕಥೆ ಇದು. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.

ಅವರಿಗೆ 31 ವರ್ಷ. ಚಿತ್ರಕಲೆಯಲ್ಲಿ ಪದವಿ, ಆಮೇಲೆ ಏಳು ವರ್ಷ ತೈಲವರ್ಣದ ಕೆಲಸ. ವಿಎಫ್‌ಎಕ್ಸ್, ಅಂದರೆ ಸಿನಿಮಾ ದೃಶ್ಯಗಳಿಗೆ ಕಂಪ್ಯೂಟರಿನಲ್ಲಿ ಪರಿಣಾಮಗಳನ್ನು ಸೇರಿಸುವ ಕೆಲಸ, ಕಲಿಯಲು ಶುರು ಮಾಡಿ ಎಂಟು ತಿಂಗಳಾಗಿತ್ತು. ಮಾಯಾ, ಹೌಡಿನಿ, ಬ್ಲೆಂಡರ್, ನ್ಯೂಕ್ ಎಂಬ ನಾಲ್ಕು ಸಾಫ್ಟ್‌ವೇರ್‌ಗಳನ್ನೂ ಮುಟ್ಟಿದ್ದರು. ಒಂದು ಶಾಟ್ ಕೂಡ ಮುಗಿದಿರಲಿಲ್ಲ. ಕುಂಚ ಹಿಡಿಯುವುದನ್ನೂ ಬಿಟ್ಟಿದ್ದರು.

"ನನಗಿಂತ ಹತ್ತು ವರ್ಷ ಚಿಕ್ಕವರು ಪಟಪಟ ಅಂತ ಮಾಡ್ತಾರೆ ಮೇಡಂ. ನಾನು ಕಲಿತಿದ್ದೆಲ್ಲ ದಂಡ ಆಯ್ತು ಅಲ್ವಾ?"

ಸುಮ್ನೆ ಸಮಾಧಾನ ಹೇಳಲು ನನಗೆ ಮನಸ್ಸಾಗಲಿಲ್ಲ. ಅರ್ಧಕ್ಕೆ ಬಿಟ್ಟ ಶಾಟ್ ಒಂದನ್ನು ತೋರಿಸಿ ಅಂದೆ. ಕಣಿವೆಯ ದೃಶ್ಯ, ದೂರದಲ್ಲಿ ಅವರೇ ಸೇರಿಸಿದ ಗೋಪುರ. ಕತ್ತರಿಸಿ ಅಂಟಿಸಿದ ಹಾಗಿತ್ತು. "ಇದು ಕ್ಯಾನ್ವಾಸ್ ಆಗಿದ್ದರೆ ಏನು ತಿದ್ದುತ್ತಿದ್ದಿರಿ?" ಎಂದು ಕೇಳಿದೆ.

ತಕ್ಷಣ ಉತ್ತರ ಬಂತು. "ಅಷ್ಟು ದೂರದ ನೆರಳು ಇಷ್ಟು ಕಪ್ಪಗಿರಬಾರದು. ನಡುವೆ ಗಾಳಿ, ಮಂಜು ಇರುತ್ತೆ. ನೆರಳು ತಿಳಿಯಾಗಿ ನೀಲಿಗೆ ತಿರುಗಬೇಕು. ಅಂಚೂ ತುಂಬಾ ಹರಿತ."

ಬೇರೆ ಬೇರೆ ಚಿತ್ರಗಳನ್ನು ಒಂದೇ ದೃಶ್ಯವಾಗಿ ಬೆಸೆಯುವ ಕಾಂಪೋಸಿಟಿಂಗ್ ಕೆಲಸದಲ್ಲಿ ಬ್ಲ್ಯಾಕ್ ಲೆವೆಲ್ (ಕಪ್ಪಿನ ಮಟ್ಟ) ಹೊಂದಿಸುವುದು ಅಂದರೆ ಇದೇ. ನ್ಯೂಕ್‌ನಲ್ಲಿ ಬಣ್ಣ ತಿದ್ದುವ ಗ್ರೇಡ್ ನೋಡ್‌ನಲ್ಲಿ, ಕಪ್ಪನ್ನು ತಿಳಿಯಾಗಿಸುವ ಲಿಫ್ಟ್ ಸ್ವಲ್ಪ ಏರಿಸಿ, ನೀಲಿ ಬೆರೆಸಿ, ಅಂಚನ್ನು ಮೃದು ಮಾಡಿದರು. ಗೋಪುರ ಹಿಂದೆ ಸರಿದು ನಿಂತಿತು. ಅವರು ತುಂಬಾ ಹೊತ್ತು ಅದನ್ನೇ ನೋಡುತ್ತಿದ್ದರು.

ಈ ಕೆಲಸದ ಒಂದು ಬೇರು ಬಣ್ಣದಲ್ಲೇ ಇದೆ ಎಂದೂ ಹೇಳಿದೆ. ಕ್ಯಾಮೆರಾದ ಮುಂದೆ ಗಾಜು ನಿಲ್ಲಿಸಿ, ಅದರ ಮೇಲೆ ಚಿತ್ರ ಬರೆದು, ನಿಜವಾದ ದೃಶ್ಯದ ಜೊತೆ ಸೇರಿಸಿ ತೆಗೆಯುತ್ತಿದ್ದರು. ಅಮೆರಿಕದ ಚಿತ್ರ ನಿರ್ಮಾತೃ ನಾರ್ಮನ್ ಡಾನ್ 1907ರಲ್ಲೇ ಹಾಗೆ ಮಾಡಿದ್ದರು.

ಹಾಗಂತ ಹೊಸದೇನೂ ಇಲ್ಲ ಎಂದರೆ ಸುಳ್ಳಾಗುತ್ತದೆ. ಕಣ್ಣಿಗೆ ಅರ್ಧ ಅನಿಸುವ ಬೂದು, ಬೆಳಕಿನ ನಿಜ ಪ್ರಮಾಣದ (ಲೀನಿಯರ್) ಲೆಕ್ಕದಲ್ಲಿ, ಬಿಳಿ 1 ಎಂದಾದರೆ, ಸುಮಾರು 0.18. ಆಲ್ಫಾ (ಚಿತ್ರದ ಯಾವ ಭಾಗ ಎಷ್ಟು ಪಾರದರ್ಶಕ ಎಂಬ ಮಾಹಿತಿ), ಪ್ರೀಮಲ್ಟ್ (ಬಣ್ಣವನ್ನು ಆ ಆಲ್ಫಾದಿಂದ ಗುಣಿಸುವುದು) ಇವನ್ನು ಕೂತು ಕಲಿಯಲೇಬೇಕು. ಎಲ್ಲಕ್ಕಿಂತ ಕಷ್ಟ ಚಲನೆ. ಒಂದು ಫ್ರೇಮ್‌ನಲ್ಲಿ ಚೆನ್ನಾಗಿ ಕಂಡದ್ದು ಮುಂದಿನದರಲ್ಲಿ ನಡುಗಬಹುದು. ಚಿತ್ರ ಬರೆಯುವವರಿಗೆ ಈ ಅಭ್ಯಾಸ ಇರುವುದಿಲ್ಲ.

ಸಲಹೆ ಇಷ್ಟೇ ಕೊಟ್ಟೆ. ನ್ಯೂಕ್ ಒಂದನ್ನೇ ಇಟ್ಟುಕೊಳ್ಳಿ, ಕಲಿಯುವವರಿಗೆ ಅದರ ಉಚಿತ ಆವೃತ್ತಿ ಇದೆ. ನಾಲ್ಕು ಸೆಕೆಂಡಿನ ಒಂದು ಶಾಟ್ ಹಿಡಿಯಿರಿ. ಸೆಕೆಂಡಿಗೆ 24ರಂತೆ 96 ಫ್ರೇಮ್. ಚೆನ್ನಾಗಿಲ್ಲ ಅನಿಸಿದರೂ ಮುಗಿಸಿ, ಮುಗಿಸುವ ತನಕ ಇನ್ನೊಂದು ಪಾಠ ತೆರೆಯಬೇಡಿ. ರೋಟೊ, ಅಂದರೆ ಫ್ರೇಮ್ ಫ್ರೇಮ್‌ಗೂ ವಸ್ತುವಿನ ಅಂಚನ್ನು ಗುರುತಿಸುವುದು, ಬೇಸರದ ಕೆಲಸ, ಆದರೂ ಮಾಡಿ. ಎಷ್ಟೋ ಜನ ಸ್ಟುಡಿಯೊ ಒಳಗೆ ಹೋಗುವುದು ಅದರಿಂದಲೇ, ಅಂಚು ಹೇಗೆ ಚಲಿಸುತ್ತದೆ ಎಂದು ಕೈಗೆ ತಿಳಿಯುವುದೂ ಅಲ್ಲೇ. ವಾರಕ್ಕೆ ಒಂದು ದಿನ ಬಣ್ಣಕ್ಕೆ ಇಡಿ. ಇದನ್ನು ಎರಡು ಸಲ ಹೇಳಿದೆ, ಅವರು ಮೊದಲು ಬಿಟ್ಟಿದ್ದು ಅದನ್ನೇ.

ಮೂರು ತಿಂಗಳ ನಂತರ 96 ಫ್ರೇಮ್ ಮುಗಿಸಿ ತಂದರು. ನಡುವೆ ಒಂದು ಕಡೆ ಗೋಪುರದ ಅಂಚು ಮಿನುಗುತ್ತಿತ್ತು. ಅದು ಯಾಕೆ ಎಂದು ನನ್ನನ್ನೇ ಕೇಳಿದರು. ಅಲ್ಲಿಗೆ ನನ್ನ ಕೆಲಸ ಮುಗಿದಿತ್ತು. ಅನುಭವ ಇರುವ ಕಾಂಪೋಸಿಟರ್ ಒಬ್ಬರಿಗೆ ಶಾಟ್ ತೋರಿಸಿ ಎಂದು ಕಳಿಸಿದೆ.